ಗ್ಯಾಸ್ ಗೀಸರಿನ ಸೆಲ್ ಒಸರಿದೆ: ಆಲ್ಕಲೈನ್ ಸೆಲ್‌ಗಳನ್ನು ಮನೆಯಲ್ಲಿ ಹೇಗೆ ಬಳಸಬೇಕು, ಹೇಗೆ ಇಡಬೇಕು?

ಪ್ರಶ್ನೆ: ಡೊಂಬಿವಲಿಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿ ಪೂರ್ವದಲ್ಲಿ ಮೂವತ್ತು ವರ್ಷಗಳಿಂದ ವಾಸವಾಗಿದ್ದೇವೆ. ನಮ್ಮ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆ. ಅದರ ತಳದಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಟಾರ್ಚಿಗೆ ಹಾಕುವಂಥ ಎರಡು ದೊಡ್ಡ ಸೆಲ್‌ಗಳನ್ನು ಕೂರಿಸಬೇಕು. ನಲ್ಲಿ ತಿರುಗಿಸಿದೊಡನೆ ಟಿಕ್ ಟಿಕ್ ಎಂದು ಕಿಡಿ ಹಾರಿ ಉರಿ ಹೊತ್ತಿಕೊಳ್ಳುವುದು ಆ ಸೆಲ್‌ಗಳಿಂದಲೇ. ಕಳೆದ ವಾರ ಆ ಸದ್ದು ಕ್ಷೀಣವಾಗುತ್ತ ಬಂದು, ಒಂದು ಬೆಳಿಗ್ಗೆ ಉರಿ ಹತ್ತಲೇ ಇಲ್ಲ.

ಸ್ಟೂಲಿನ ಮೇಲೆ ನಿಂತು ಪೆಟ್ಟಿಗೆಯನ್ನು ಎಳೆದು ನೋಡಿದಾಗ, ಒಂದು ಸೆಲ್ಲಿನ ಬುಡದಿಂದ ಅಂಟಂಟಾದ ತಿಳಿ ದ್ರವ ಜಿನುಗಿತ್ತು. ಸ್ಪ್ರಿಂಗಿನ ಸುತ್ತ ಹತ್ತಿಯ ಎಳೆಯಂತೆಯೂ ಉಪ್ಪಿನ ಹರಳಿನಂತೆಯೂ ಕಾಣುವ ಬಿಳಿಯ ಪದಾರ್ಥ ಬೆಳೆದುಕೊಂಡಿತ್ತು, ಅದರ ಅಂಚು ಮಾತ್ರ ಮೈಲುತುತ್ತದ ಹಾಗೆ ಹಸಿರು ಬೆರೆತ ನೀಲಿಯಾಗಿತ್ತು. ಏನೂ ಯೋಚಿಸದೆ ಬರಿಗೈಯಲ್ಲೇ ಸೆಲ್ ಹೊರತೆಗೆದೆ. ಬೆರಳುಗಳ ನಡುವೆ ಅದು ಸಾಬೂನಿನ ನೀರಿನಂತೆ ಜಾರುತ್ತಿತ್ತು. ಆ ಕ್ಷಣದಲ್ಲಿ ಉರಿ ಎನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ತರಕಾರಿ ಹೆಚ್ಚುವಾಗ ಉಗುರಿನ ಬದಿಯಲ್ಲಿ ಆಗಿದ್ದ ಸಣ್ಣ ಗೀರು ಚುರುಗುಟ್ಟತೊಡಗಿತು. ಕೂಡಲೇ ನಲ್ಲಿಯ ಕೆಳಗೆ ಕೈಯೊಡ್ಡಿ ತೊಳೆದೆ. ಎರಡು ದಿನ ಆ ಜಾಗದ ಚರ್ಮ ಕೆಂಪಾಗಿ ಒರಟಾಗಿತ್ತು, ಈಗ ವಾಸಿಯಾಗಿದೆ.

ಪಕ್ಕದ ಮನೆಯ ವೈನಿ ಅದು ಆಸಿಡ್ ಎಂದೂ ಅಡುಗೆ ಸೋಡಾ ಹಾಕಿ ಉಜ್ಜಬೇಕೆಂದೂ ಹೇಳಿದರು. ಒಸರಿದ ಸೆಲ್ ಹಾಕಿ ಮೂರು ತಿಂಗಳೂ ತುಂಬಿಲ್ಲ. ಮೇಲಿನ ಹೊದಿಕೆಯ ಮೇಲೆ ಆಲ್ಕಲೈನ್ ಎಂದು ಸ್ಪಷ್ಟವಾಗಿ ಬರೆದಿದೆ, ಬೆಲೆಯೂ ಹೆಚ್ಚೇ ಇತ್ತು. ಅದರ ಜೋಡಿಯಾಗಿ ಹಾಕಿದ್ದು ಮಾತ್ರ ಹಳೆಯ ಟಾರ್ಚಿನಿಂದ ತೆಗೆದ, ಇನ್ನೂ ಸ್ವಲ್ಪ ಜೀವವಿದ್ದ ಸೆಲ್ಲು. ಇಂತಹ ಸೆಲ್‌ಗಳನ್ನು ಎರಡು ದಿನ ಬಿಸಿಲಿಗಿಟ್ಟರೆ ಮತ್ತೆ ಕೆಲಸಕ್ಕೆ ಬರುತ್ತವೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಊರಿನಲ್ಲಿ ರೇಡಿಯೋದ ಸೆಲ್‌ಗಳನ್ನು ಹಾಗೆಯೇ ಮಾಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಹೊಸದು ಹಳೆಯದೆನ್ನದೆ ಎಲ್ಲ ಸೆಲ್‌ಗಳನ್ನೂ ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಬಾಗಿಲಿನಲ್ಲಿ ಇಡುವ ರೂಢಿಯಿದೆ. ಮೂರು ವರ್ಷದ ಮೊಮ್ಮಗ ಈಗ ನಮ್ಮಲ್ಲಿಗೆ ಬಂದಿರುವುದರಿಂದ ನನಗೆ ಭಯ ಶುರುವಾಗಿದೆ. ಒಸರಿದ್ದನ್ನು ಹೇಗೆ ಶುಚಿಗೊಳಿಸಬೇಕು, ಬೆಲೆಬಾಳುವ ಸೆಲ್ ಹೀಗೇಕೆ ಒಸರಿತು, ಇವುಗಳನ್ನು ಮನೆಯಲ್ಲಿ ಇಡುವ ಸರಿಯಾದ ಕ್ರಮ ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಪುಣೆಯ ನಿಗಡಿಯಿಂದ, ನಿವೃತ್ತ

ಸಹೋದರಿಯವರೇ, ನಾನು ಇಲ್ಲಿನ ಒಂದು ಕಾರ್ಖಾನೆಯ ಉಪಕರಣ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಮೀಟರ್‌ಗಳ ಹಿಂಭಾಗ ತೆರೆದು ಒಸರಿದ ಸೆಲ್‌ಗಳನ್ನು ಕಿತ್ತು ತೆಗೆಯುವುದು ನನ್ನ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಕೈಯ ವಿಚಾರ. ಕೂಡಲೇ ನೀರಿನಲ್ಲಿ ತೊಳೆದದ್ದು ಸರಿಯಾದ ಕೆಲಸ. ನಿಮ್ಮ ಬೆರಳಿಗೆ ತಾಗಿದ್ದು ಆಸಿಡ್ ಅಲ್ಲ, ಅದಕ್ಕೆ ನೇರ ವಿರುದ್ಧವಾದ ಕ್ಷಾರ. ಆಲ್ಕಲೈನ್ ಎಂಬ ಹೆಸರಿನ ಅರ್ಥವೇ ಕ್ಷಾರೀಯ ಎಂದು. ಸೆಲ್ಲಿನ ಒಳಗೆ ಪುಡಿ ಮಾಡಿದ ಸತು ಒಂದು ಕಡೆ, ಮ್ಯಾಂಗನೀಸ್ ಡೈಆಕ್ಸೈಡ್ ಇನ್ನೊಂದು ಕಡೆ ಇದ್ದು, ಎರಡರ ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಗಾಢ ದ್ರಾವಣ ಇರುತ್ತದೆ. ಅದು ಚರ್ಮದ ಜಿಡ್ಡಿನೊಡನೆ ಸೇರಿ ನಿಜವಾಗಿಯೂ ಸಾಬೂನಾಗುತ್ತದೆ. ಬೆರಳ ನಡುವೆ ಜಾರಿದಂತೆನಿಸಿದ್ದು ಅದರಿಂದಲೇ. ಆಮ್ಲ ತಾಗಿದರೆ ಕೂಡಲೇ ಉರಿದು ಎಚ್ಚರಿಸುತ್ತದೆ. ಕ್ಷಾರ ಹಾಗಲ್ಲ, ಮೊದಲಿಗೆ ಸುಮ್ಮನಿದ್ದು ಮೆಲ್ಲಗೆ ಒಳಕ್ಕಿಳಿಯುತ್ತದೆ. ಹಾಗಾಗಿ ಉರಿಯುತ್ತಿಲ್ಲವಲ್ಲ ಎಂದು ತಡಮಾಡಬಾರದು. ಜಾರುವಿಕೆ ಪೂರ್ತಿ ಹೋಗುವ ತನಕ, ಅದು ಹೋದ ಮೇಲೂ ಹಲವು ನಿಮಿಷ, ಹರಿಯುವ ನೀರಿನ ಕೆಳಗೆ ಹಿಡಿದಿರಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಬಿಡಿಸಿ ಹಿಡಿದು ಕನಿಷ್ಠ 15ರಿಂದ 20 ನಿಮಿಷ ಶುದ್ಧ ನೀರು ಹರಿಯಗೊಟ್ಟು, ಆಮೇಲೆ ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಹುಳಿಯಿಂದ ಕ್ಷಾರ ಸಮವಾಗುತ್ತದೆ ಎಂದು ತಿಳಿದು ಮೈಗೋ ಕಣ್ಣಿಗೋ ನಿಂಬೆರಸ ಹಾಕುವ ಸಾಹಸವನ್ನು ಯಾರೂ ಮಾಡಕೂಡದು. ಮೈಗೆ ನೀರು ಮಾತ್ರ.

ವಸ್ತುಗಳಿಗೆ ಮಾತ್ರ ಹುಳಿ ಸಲ್ಲುತ್ತದೆ. ನೀವು ಕಂಡ ಬಿಳಿಯ ಹರಳು, ಒಸರಿದ ಕ್ಷಾರ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಆದ ಪೊಟ್ಯಾಸಿಯಂ ಕಾರ್ಬೊನೇಟ್. ನಮ್ಮ ಅಜ್ಜಿಯಂದಿರು ಪಾತ್ರೆ ಬೆಳಗುತ್ತಿದ್ದ ಒಲೆಯ ಬೂದಿಯಲ್ಲಿ ಇರುವ ಕ್ಷಾರವೂ ಬಹುಪಾಲು ಇದೇ. ಹಸಿರು ನೀಲಿಯ ಅಂಚು ಸಂಪರ್ಕದ ಪಟ್ಟಿಯಲ್ಲಿರುವ ತಾಮ್ರ ಅಥವಾ ಹಿತ್ತಾಳೆ ಕಿಲುಬಿದ್ದರ ಗುರುತು. ಅಡುಗೆ ಸೋಡಾ ಸ್ವತಃ ಕ್ಷಾರವಾದುದರಿಂದ ಇಲ್ಲಿ ಅದು ಪ್ರಯೋಜನಕ್ಕೆ ಬಾರದು. ಆದರೆ ನಿಮ್ಮ ವೈನಿಯವರ ಮಾತು ಬುಡವಿಲ್ಲದ್ದೇನೂ ಅಲ್ಲ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ಅಗ್ಗದ ಕಾರ್ಬನ್ ಸತುವಿನ ಸೆಲ್ ಒಸರಿದರೆ ಬರುವ ದ್ರವ ಸೌಮ್ಯ ಆಮ್ಲ ಗುಣದ್ದು, ಅದಕ್ಕೆ ಸೋಡಾ ಸರಿ. ಯಾವ ಸೆಲ್ ಎಂಬುದನ್ನು ಮೊದಲು ಓದಿಕೊಂಡೇ ಔಷಧ ಹುಡುಕಬೇಕು.

ಶುಚಿಗೊಳಿಸುವ ಮೊದಲು ಗೀಸರಿಗೆ ಬರುವ ಗ್ಯಾಸಿನ ಕಾಕ್ ಮುಚ್ಚಿ, ಬಚ್ಚಲಿನ ಕಿಟಕಿ ತೆರೆಯಿರಿ. ರಬ್ಬರಿನ ಕೈಗವಸು ಹಾಕಿಕೊಳ್ಳಿ, ಕನ್ನಡಕವಿದ್ದರೆ ಧರಿಸಿ. ಪೆಟ್ಟಿಗೆ ಬಿಡಿಯಾಗಿ ಕೈಗೆ ಬರುವುದಾದರೆ ಹಳೆಯ ಪತ್ರಿಕೆಯ ಮೇಲಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಿಳಿ ವಿನೆಗರಿನಲ್ಲಿ, ಅದಿಲ್ಲದಿದ್ದರೆ ಸೋಸಿದ ನಿಂಬೆರಸದಲ್ಲಿ ತುಸು ಅದ್ದಿ ಹರಳಿನ ಮೇಲೆ ಮುಟ್ಟಿಸಿ. ಸಣ್ಣಗೆ ನೊರೆಯೇಳುತ್ತದೆ, ಆ ನೊರೆ ನಿಂತಿತೆಂದರೆ ಕ್ಷಾರ ಮುಗಿಯಿತೆಂದು ತಿಳಿಯಬಹುದು. ಒಣ ಹರಳನ್ನು ಮೊದಲೇ ಕೆರೆಯಬೇಡಿ, ಅದರ ಪುಡಿ ಹಾರಿ ಕಣ್ಣು ಮೂಗಿಗೆ ಹೋಗುತ್ತದೆ. ಹುಳಿಯನ್ನು ಹಾಗೆಯೇ ಬಿಟ್ಟರೆ ಸ್ಪ್ರಿಂಗಿಗೆ ತುಕ್ಕು ಹಿಡಿಯುವುದರಿಂದ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಸಂಪೂರ್ಣ ಒಣಗಿದ ಮೇಲೆ ಕಿಲುಬು ಉಳಿದಿದ್ದರೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ. ಗೀಸರಿನ ಒಳಭಾಗಕ್ಕೂ ದ್ರವ ಇಳಿದಿದ್ದರೆ ನೀವು ಕೈ ಹಾಕದೆ ಮೆಕ್ಯಾನಿಕ್ಕನ್ನು ಕರೆಸಿ. ಅದು ಗ್ಯಾಸಿನ ಉಪಕರಣ, ಕೈವಾಡ ತೋರಿಸುವ ಜಾಗವಲ್ಲ.

ಇನ್ನು ಬೆಲೆಬಾಳುವ ಸೆಲ್ ಮೂರೇ ತಿಂಗಳಿಗೆ ಒಸರಿದ್ದೇಕೆ ಎಂಬ ಪ್ರಶ್ನೆಗೆ ಕಾರಣ ನಿಮ್ಮ ಬರಹದಲ್ಲೇ ಇದೆ. ಒಂದು ಹೊಸದು, ಒಂದು ಹಳೆಯದು ಎಂದು ಜೋಡಿ ಕಟ್ಟಿದ್ದೀರಿ. ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿದಾಗ ಬಡಕಲು ಎತ್ತನ್ನು ಬಲವಾದ ಎತ್ತು ಎಳೆದುಕೊಂಡು ಹೋಗುವಂತೆ, ಸಾಲಾಗಿ ಜೋಡಿಸಿದ ಸೆಲ್‌ಗಳಲ್ಲಿ ಒಂದೇ ವಿದ್ಯುತ್ತು ಎರಡರಲ್ಲಿಯೂ ಹರಿಯಲೇಬೇಕು. ದುರ್ಬಲ ಸೆಲ್ ಬರಿದಾದ ಮೇಲೂ ಬಲವಾದದ್ದು ಅದರೊಳಗಿಂದ ವಿದ್ಯುತ್ತನ್ನು ದೂಡುತ್ತದೆ. ಆಗ ಬರಿದಾದ ಸೆಲ್ಲಿನ ಧ್ರುವಗಳು ತಿರುವುಮುರುವಾಗಿ ಒಳಗೆ ಜಲಜನಕ ಅನಿಲ ಹುಟ್ಟುತ್ತದೆ. ಒತ್ತಡ ಮಿತಿ ಮೀರಿದಾಗ ಸೆಲ್ ಸಿಡಿಯದಿರಲೆಂದು ಬುಡದ ಪ್ಲಾಸ್ಟಿಕ್ ಬಿರಡೆಯಲ್ಲಿ ಬೇಕೆಂದೇ ತೆಳ್ಳಗೆ ಮಾಡಿದ ಭಾಗವೊಂದಿರುತ್ತದೆ. ಅದು ಹರಿದು ಅನಿಲವನ್ನು ಹೊರಬಿಡುತ್ತದೆ, ಅನಿಲದ ಜೊತೆಗೆ ಕ್ಷಾರವೂ ಬರುತ್ತದೆ. ಸಾಮಾನ್ಯವಾಗಿ ಒಸರುವುದು ಆ ಬಡಕಲು ಸೆಲ್ಲೇ. ನಿಮ್ಮಲ್ಲಿ ಹೊಸದೇ ಒಸರಿದ್ದರೆ, ಟಾರ್ಚಿನ ಸೆಲ್ ಬೇರೆ ಜಾತಿಯದ್ದೇ ಎಂದು ಮತ್ತೊಮ್ಮೆ ನೋಡಿ. ಜೊತೆಗೆ ಗೀಸರಿನ ಪೆಟ್ಟಿಗೆ ಇರುವುದು ಉರಿಯ ಕೆಳಗೆ, ಬಚ್ಚಲಿನ ಹಬೆಯ ನಡುವೆ. ಶಾಖ ಹೆಚ್ಚಿದಷ್ಟೂ ಬಳಸದೆ ಸುಮ್ಮನಿರುವ ಸೆಲ್ಲಿನಲ್ಲೂ ಸತು ನಿಧಾನವಾಗಿ ಸವೆದು ಅನಿಲ ಬಿಡುವ ಕ್ರಿಯೆ ಚುರುಕಾಗುತ್ತದೆ.

ಅತ್ತೆಯವರ ಬಿಸಿಲಿನ ವಿಚಾರಕ್ಕೂ ಇದೇ ಉತ್ತರ. ಬಿಸಿಲು ತಾಗಿದ ಸೆಲ್ ಸ್ವಲ್ಪ ಹೊತ್ತು ಚೇತರಿಸಿಕೊಂಡಂತೆ ಕಾಣುವುದು ನಿಜ, ಏಕೆಂದರೆ ಶಾಖದಲ್ಲಿ ರಾಸಾಯನಿಕ ಕ್ರಿಯೆ ಬೇಗ ಸಾಗುತ್ತದೆ. ಆದರೆ ಮುಗಿದ ಸತು ಬಿಸಿಲಿನಿಂದ ಮರಳಿ ಬರುವುದಿಲ್ಲ, ಒತ್ತಡ ಮಾತ್ರ ಹೆಚ್ಚುತ್ತದೆ. ಹಿರಿಯರು ಹಾಗೆ ಮಾಡುತ್ತಿದ್ದುದು ಕಾರ್ಬನ್ ಸೆಲ್‌ಗಳ ಕಾಲದಲ್ಲಿ, ಒಂದೊಂದು ಸೆಲ್ಲಿನ ಬೆಲೆ ಭಾರವೆನಿಸುತ್ತಿದ್ದ ಮನೆಗಳಲ್ಲಿ. ನಾವೂ ಹುಡುಗರಾಗಿದ್ದಾಗ ಸತ್ತ ಸೆಲ್ ಕಲ್ಲಿನಿಂದ ಜಜ್ಜಿ ಒಳಗಿನ ಕರಿ ಕಡ್ಡಿ ತೆಗೆದು ಗೋಡೆಯ ಮೇಲೆ ಬರೆಯುತ್ತಿದ್ದೆವು. ಆಲ್ಕಲೈನ್ ಸೆಲ್ಲಿನಲ್ಲಿ ಆ ಕಡ್ಡಿಯೇ ಇಲ್ಲ; ನಡುವೆ ಇರುವುದು ತೆಳುವಾದ ಹಿತ್ತಾಳೆಯ ಮೊಳೆ, ಅದರ ಸುತ್ತ ಕ್ಷಾರದಲ್ಲಿ ನೆನೆದ ಸತುವಿನ ಮುದ್ದೆ. ಜಜ್ಜಿದರೆ ಮುಖಕ್ಕೆ ಸಿಡಿಯುವುದು ಅದೇ. ಮೊಮ್ಮಗನಿಗೆ ನಿಮ್ಮ ಬಾಲ್ಯದ ಆಟ ಹೇಳಿಕೊಡುವ ಅಜ್ಜಂದಿರು ಇದನ್ನು ಅವಶ್ಯವಾಗಿ ನೆನಪಿಡಬೇಕು.

ಚಾರ್ಜರಿನಲ್ಲಿ ಹಾಕಿ ತುಂಬಿಸಲು ಹೋಗುವುದೂ, ಒಲೆಗೋ ಕಸದ ಬೆಂಕಿಗೋ ಎಸೆಯುವುದೂ ಇದೇ ಕಾರಣಕ್ಕೆ ಅಪಾಯ. ಸೆಲ್ಲಿನ ಮುಚ್ಚಿದ ಉಕ್ಕಿನ ಕವಚದೊಳಗೆ ಅನಿಲ ಬೆಳೆದರೆ ಅದು ಎಲ್ಲಿಗಾದರೂ ಹೋಗಲೇಬೇಕಲ್ಲ.

ಉತ್ತರ: ಗೋವಾದ ವಾಸ್ಕೋದಿಂದ, ಇಬ್ಬರು ಮಕ್ಕಳ ತಾಯಿ

ಅಮ್ಮ, ಮೇಲಿನ ಹಿರಿಯರು ಎಲ್ಲವನ್ನೂ ತಿಳಿಸಿದ್ದಾರೆ. ಸ್ಟೀಲಿನ ಡಬ್ಬಿಯ ಬಗ್ಗೆಯೂ ಮೊಮ್ಮಗನ ಬಗ್ಗೆಯೂ ನಾನು ಸೇರಿಸಬೇಕಾದದ್ದಿದೆ.

ಡಬ್ಬಿಯನ್ನು ಇಂದೇ ಬದಲಾಯಿಸಿ. ಬಿಡಿ ಸೆಲ್‌ಗಳು ಲೋಹದ ಡಬ್ಬಿಯಲ್ಲಿ ಹೊರಳಾಡಿದಾಗ ಒಂದರ ಪ್ಲಸ್ಸು ಮೈನಸ್ಸುಗಳ ನಡುವೆ ಡಬ್ಬಿಯೇ ತಂತಿಯಾಗಿಬಿಡಬಹುದು. ಆಲ್ಕಲೈನ್ ಸೆಲ್ಲಿನ ಹೊರ ಕವಚವೆಲ್ಲ ಪ್ಲಸ್ ಆಗಿರುತ್ತದೆ, ಮೇಲಿನ ಬಣ್ಣದ ಹೊದಿಕೆಯೊಂದೇ ಅದನ್ನು ಮರೆಮಾಡಿರುವುದು. ಆದ್ದರಿಂದ ಹೊದಿಕೆ ಹರಿದ ಸೆಲ್ಲನ್ನು ಬಳಸಲೇಬಾರದು. ಎರಡೂ ತುದಿ ಒಂದೇ ಕಡೆ ಇರುವ 9 ವೋಲ್ಟಿನ ಚೌಕ ಬ್ಯಾಟರಿ ಇನ್ನೂ ಹೆಚ್ಚು ಎಚ್ಚರಿಕೆ ಬೇಡುತ್ತದೆ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ದಿನ ಕಾರ್ಡ್‌ಲೆಸ್ ಮೈಕಿಗೆಂದು ತಂದಿದ್ದ ಅಂಥ ಬ್ಯಾಟರಿಯೊಂದನ್ನು ನನ್ನ ಯಜಮಾನರು ಮನೆಯ ಬೀಗದ ಕೈಗಳಿದ್ದ ಜೇಬಿನಲ್ಲೇ ಹಾಕಿಕೊಂಡಿದ್ದರು. ನಾಡಗೀತೆ ಮುಗಿದು ಕುಳಿತುಕೊಳ್ಳುವಾಗ ತೊಡೆ ಸುಟ್ಟಂತಾಗಿ ಎದ್ದುನಿಂತರು. ಹೊರಗೆ ತೆಗೆದಾಗ ಬೀಗದ ಕೈ ಹಿಡಿಯಲಾಗದಷ್ಟು ಕಾದಿತ್ತು. ಸಂಜೆ ನೋಡಿದರೆ ತೊಡೆಯ ಮೇಲೆ ಎಂಟಾಣೆಯಷ್ಟು ಅಗಲದ ಕೆಂಪು ಗುರುತಿತ್ತು. ಪಾತ್ರೆ ತಿಕ್ಕುವ ಸ್ಟೀಲ್ ಉಣ್ಣೆ ಅಂಥ ಬ್ಯಾಟರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಶಾಲೆಯ ಪ್ರಯೋಗದಲ್ಲಿ ನೋಡಿದವರು ಇರಬಹುದು. ಅಡುಗೆಮನೆಯ ಡ್ರಾಯರಿನಲ್ಲಿ ಎರಡೂ ಒಟ್ಟಿಗೆ ಇರಲೇಬಾರದು. 9 ವೋಲ್ಟಿನ ಬ್ಯಾಟರಿಯ ತುದಿಗಳಿಗೆ ಅದರ ಪ್ಲಾಸ್ಟಿಕ್ ಟೋಪಿ ಹಾಕಿ, ಅದು ಕಳೆದಿದ್ದರೆ ಇನ್ಸುಲೇಶನ್ ಟೇಪ್ ಅಂಟಿಸಿ.

ಫ್ರಿಜ್ಜಿನ ಅಗತ್ಯವಿಲ್ಲ. ಒಳ್ಳೆಯ ಆಲ್ಕಲೈನ್ ಸೆಲ್ ಸಾಮಾನ್ಯ ಕೋಣೆಯಲ್ಲಿ 5 ವರ್ಷಕ್ಕಿಂತ ಹೆಚ್ಚು ಕಾಲ, ಕೆಲವು 10 ವರ್ಷದ ತನಕವೂ ತಮ್ಮ ಶಕ್ತಿಯ ಹೆಚ್ಚು ಪಾಲನ್ನು ಉಳಿಸಿಕೊಳ್ಳುತ್ತವೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಣ್ಣನೆಯ ಸೆಲ್ಲನ್ನು ಹೊರತೆಗೆದ ಒಡನೆ ಅದರ ಮೇಲೆ ಬೆವರಿನಂತೆ ನೀರು ಕೂಡುತ್ತದೆ, ಅದೇ ನೀರು ತುದಿಗಳಿಗೆ ತುಕ್ಕು ತರುತ್ತದೆ. ಅವು ಬಂದ ಪೊಟ್ಟಣದಲ್ಲೇ, ಒಣ ಕಪಾಟಿನಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡಿ.

ಈಗ ಮೊಮ್ಮಗನ ವಿಚಾರ. ದೊಡ್ಡ ಸೆಲ್ಲಿಗಿಂತ ನೂರು ಪಾಲು ಹೆದರಬೇಕಾದದ್ದು ಗುಂಡಿಯಂಥ ಸೆಲ್‌ಗಳಿಗೆ. ಆಟಿಕೆ, ಹಾಡುವ ಶುಭಾಶಯ ಪತ್ರ, ಮಿನುಗುವ ದೇವರ ದೀಪ, ತೂಕದ ಯಂತ್ರ, ಕಾರಿನ ಕೀಲಿ ಇವುಗಳಲ್ಲೆಲ್ಲ ಅವು ಇರುತ್ತವೆ. ಎಲ್‌ಆರ್44 ಎಂಬ ಚಿಕ್ಕದು ಆಲ್ಕಲೈನ್. ಸಿಆರ್2032 ಎಂಬುದು ಲಿಥಿಯಂ, 20 ಮಿಲಿಮೀಟರ್ ಅಗಲ, 3 ವೋಲ್ಟ್. ಈ ಎರಡನೆಯದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾದ ಸುಟ್ಟಗಾಯ ಮಾಡಬಲ್ಲದು. ಒಳಗಿನ ದ್ರವ ಸೋರಬೇಕೆಂದೇನೂ ಇಲ್ಲ. ಒದ್ದೆಯಾದ ಅಂಗಾಂಶದಲ್ಲಿ ವಿದ್ಯುತ್ತು ಹರಿದು ಮೈನಸ್ ತುದಿಯ ಬಳಿ ಅಲ್ಲೇ ಹೊಸದಾಗಿ ಕ್ಷಾರ ಹುಟ್ಟುತ್ತದೆ. ಸಾಧನಕ್ಕೆ ಸಾಲದಷ್ಟು ವೀಕಾದ ಸೆಲ್ಲಿಗೂ ಈ ಕೆಲಸಕ್ಕೆ ಬೇಕಾದಷ್ಟು ಬಲ ಉಳಿದಿರುತ್ತದೆ.

ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ಮನೆಯಲ್ಲಿ ಕಾದು ನೋಡದೆ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಆಂಬುಲೆನ್ಸಿಗೆ 108. ವಾಂತಿ ಮಾಡಿಸಬಾರದು. ಒಂದು ವರ್ಷ ತುಂಬಿದ, ನುಂಗಲು ಶಕ್ತವಾಗಿರುವ ಮಗು ನುಂಗಿ 12 ಗಂಟೆ ಆಗಿಲ್ಲದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಆರು ಸಲದವರೆಗೆ ಕೊಡಬಹುದು. ಅದು ಗಾಯವನ್ನು ಸ್ವಲ್ಪ ತಡೆಯುತ್ತದೆ. ಜೇನು ಹುಡುಕುತ್ತ ಹೊರಡುವುದನ್ನು ತಡಮಾಡಬಾರದು. ಒಂದು ವರ್ಷದೊಳಗಿನ ಶಿಶುವಿಗೆ ಜೇನು ಕೂಡದು. ಮೂಗಿಗೋ ಕಿವಿಗೋ ಹಾಕಿಕೊಂಡಿದ್ದರೆ ಎಣ್ಣೆಯಾಗಲಿ ಔಷಧಿಯ ಹನಿಯಾಗಲಿ ಬಿಡದೆ ಹಾಗೆಯೇ ಕರೆದೊಯ್ಯಿರಿ. ಅಮ್ಮ, ಮೊಮ್ಮಗ ಆಡುವ ಪ್ರತಿಯೊಂದು ಆಟಿಕೆಯ ಸೆಲ್ಲಿನ ಮುಚ್ಚಳಕ್ಕೂ ಸ್ಕ್ರೂ ಇದೆಯೇ ಎಂದು ಇವತ್ತೇ ನೋಡಿ.

ಉತ್ತರ: ಮುಂಬಯಿಯ ಮಾಟುಂಗಾದಿಂದ, ವಿದ್ಯುತ್ ಸಾಮಾನಿನ ಅಂಗಡಿ

ನಮಸ್ಕಾರ. ಗಿರಾಕಿಗಳು ದಿನವೂ ಕೇಳುವ ವಿಷಯವಾದುದರಿಂದ ಕೊಳ್ಳುವಾಗ ನೋಡಬೇಕಾದದ್ದನ್ನು ಹೇಳುತ್ತೇನೆ. ಹೊದಿಕೆಯ ಬಣ್ಣ, ಅದರ ಮೇಲಿನ ಮಿಂಚು, ಹೆವಿ ಡ್ಯೂಟಿ ಎಂಬ ಬರಹ ಇವುಗಳನ್ನು ನೋಡಿ ಮೋಸ ಹೋಗಬಾರದು. ಹೆವಿ ಡ್ಯೂಟಿ ಎಂದಿರುವುದು ಸಾಮಾನ್ಯವಾಗಿ ಕಾರ್ಬನ್ ಸತುವಿನ ಸೆಲ್ಲೇ. ನೋಡಬೇಕಾದದ್ದು ಸಣ್ಣ ಅಕ್ಷರದ ಸಂಕೇತ. ಆರ್20 ಎಂದಿದ್ದರೆ ದೊಡ್ಡ ಕಾರ್ಬನ್ ಸೆಲ್, ಅದರ ಹಿಂದೆ ಎಲ್ ಸೇರಿ ಎಲ್‌ಆರ್20 ಎಂದಿದ್ದರೆ ಅದೇ ಗಾತ್ರದ ಆಲ್ಕಲೈನ್. ಪೆನ್ಸಿಲ್ ಸೆಲ್ಲಿಗೆ ಎಲ್‌ಆರ್6, ರಿಮೋಟಿನ ಸಣ್ಣ ಪೆನ್ಸಿಲ್ ಸೆಲ್ಲಿಗೆ ಎಲ್‌ಆರ್03. ಎಚ್‌ಆರ್ ಎಂದು ಶುರುವಾದರೆ ಚಾರ್ಜ್ ಮಾಡಬಹುದಾದ ನಿಕಲ್ ಸೆಲ್, ಅದರ ವೋಲ್ಟೇಜ್ 1.5 ಅಲ್ಲ, 1.2. ಗೀಸರಿನಲ್ಲಿ ಅಂಥ ಎರಡು ಹಾಕಿದರೆ 2.4 ವೋಲ್ಟ್ ಆಗಿ ಕಿಡಿಗೆ ಸಾಲದೆ ಹೋಗಬಹುದು. ಗೀಸರಿನ ಕೈಪಿಡಿಯಲ್ಲಿ ಯಾವ ಸೆಲ್ ಎಂದು ಬರೆದಿದೆಯೋ ಅದನ್ನೇ ಎರಡೂ ಒಂದೇ ಪೊಟ್ಟಣದಿಂದ, ಒಂದೇ ದಿನ ಹಾಕಿ.

ಎಲ್ಲದಕ್ಕೂ ಆಲ್ಕಲೈನ್ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ, ಮಾರುವವನಾಗಿಯೂ ಹೇಳುವುದಿಲ್ಲ. ಗೋಡೆ ಗಡಿಯಾರ ತೀರಾ ಕಡಿಮೆ ವಿದ್ಯುತ್ತು ಎಳೆಯುವ ವಸ್ತು. ಅದಕ್ಕೆ ಅಗ್ಗದ ಸೆಲ್ಲೇ ಒಂದು ವರ್ಷ ಸಾಕು. ಆಲ್ಕಲೈನ್ ಹಾಕಿದರೆ ಅದು ಇನ್ನೂ ಬಹಳ ಕಾಲ ನಡೆದು, ನಾವು ಅದನ್ನು ಮರೆತೇಬಿಟ್ಟು, ಕೊನೆಗೊಂದು ದಿನ ಗಡಿಯಾರದ ಬೆನ್ನಿನಲ್ಲಿ ಬಿಳಿಯ ಹುಡಿ ಕಾಣುತ್ತದೆ. ಹೆಚ್ಚು ವಿದ್ಯುತ್ತು ಬೇಡುವ ರಕ್ತದೊತ್ತಡದ ಯಂತ್ರ, ಮೋಟಾರಿನ ಆಟಿಕೆ, ಟಾರ್ಚ್ ಇವುಗಳಿಗೆ ಆಲ್ಕಲೈನ್ ಸರಿಯಾದದ್ದು. ಆದರೆ ತಿಂಗಳಿಗೊಮ್ಮೆ ಮಾತ್ರ ಬಳಸುವ ಯಂತ್ರವಾಗಿದ್ದರೆ ಬಳಸಿದ ಮೇಲೆ ಸೆಲ್ ಹೊರತೆಗೆದಿಡಿ. ನಮ್ಮ ಅಂಗಡಿಗೆ ರಿಪೇರಿಗೆಂದು ಬರುವ ಟಾರ್ಚುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಊರಿಗೆ ಹೋಗುವಾಗ ಸೆಲ್ ಒಳಗೇ ಬಿಟ್ಟು ಹೋದವು. ಅಲ್ಯೂಮಿನಿಯಂ ಟಾರ್ಚಿನಲ್ಲಿ ಒಸರಿದರೆ ಕ್ಷಾರ ಆ ಲೋಹವನ್ನೇ ತಿಂದು ಸೆಲ್ಲನ್ನು ಕಚ್ಚಿಕೊಳ್ಳುವಂತೆ ಮಾಡುತ್ತದೆ. ಸುತ್ತಿಗೆಯಿಂದ ಹೊಡೆದು, ಸ್ಕ್ರೂಡ್ರೈವರ್ ಚುಚ್ಚಿ ತೆಗೆಯಲು ಹೋಗದೆ ಆ ಟಾರ್ಚಿನ ಆಸೆ ಬಿಡುವುದೇ ಲೇಸು.

ಸೆಲ್ಲನ್ನು ಮೇಜಿನ ಮೇಲೆ ಕೆಡವಿ ಪುಟಿದರೆ ಸತ್ತಿದೆ ಎನ್ನುವ ಪರೀಕ್ಷೆಯನ್ನು ಈಚೆಗೆ ಹಲವರು ಮಾಡುತ್ತಾರೆ. ಸತು ಬಳಕೆಯಾದಂತೆ ಒಳಗಿನ ಮುದ್ದೆ ಗಟ್ಟಿಯಾಗಿ ಪುಟಿಯುವುದು ನಿಜ, ಆದರೆ ಅರ್ಧ ಖರ್ಚಾದ ಸೆಲ್ಲೂ ಚೆನ್ನಾಗಿಯೇ ಪುಟಿಯುತ್ತದೆ. ಮೀಟರಿನಲ್ಲಿ ಹೊಸದು ಸುಮಾರು 1.6 ವೋಲ್ಟ್ ತೋರಿಸುತ್ತದೆ, 1.3ಕ್ಕಿಂತ ಕೆಳಗಿದ್ದರೆ ಜೋಡಿಯಾಗಿಯೇ ಬದಲಾಯಿಸಿ.

ಡೊಂಬಿವಲಿಯ ಗೃಹಿಣಿ

ಎಲ್ಲರಿಗೂ ಕೈಮುಗಿದು ಕೃತಜ್ಞತೆ ಸಲ್ಲಿಸುತ್ತೇನೆ. ನಿಗಡಿಯ ಹಿರಿಯರು ಹೇಳಿದಂತೆ ಮತ್ತೊಮ್ಮೆ ಓದಿ ನೋಡಿದೆ. ಟಾರ್ಚಿನ ಸೆಲ್ಲಿನ ಮೇಲೆ ಆರ್20 ಎಂದಿದೆ, ಎಂದರೆ ನಾನು ವಯಸ್ಸಿನಲ್ಲೂ ಜಾತಿಯಲ್ಲೂ ಬೇರೆಯಾದ ಎರಡನ್ನು ಜೋಡಿಸಿದ್ದೆ.

ಕಾಕ್ ಮುಚ್ಚಿ, ಕೈಗವಸು ಹಾಕಿಕೊಂಡು ನಿಂಬೆರಸ ಮುಟ್ಟಿಸಿದಾಗ ಸಣ್ಣ ಸದ್ದಿನೊಡನೆ ನೊರೆ ಎದ್ದಿತು. ಮೂರು ಸಲ ಮಾಡಿದ ಮೇಲೆ ನೊರೆ ನಿಂತಿತು. ಒಂದು ಸ್ಪ್ರಿಂಗ್ ಮಾತ್ರ ಸವೆದು ಬ್ರಷ್ ತಾಗಿದೊಡನೆ ಮುರಿದುಬಂದಿತು. ಗೀಸರಿನ ಮೆಕ್ಯಾನಿಕ್ ಹೊಸ ಪೆಟ್ಟಿಗೆಯನ್ನೇ ಹಾಕಿಕೊಟ್ಟರು. ಮೊಮ್ಮಗನ ಆಟಿಕೆಗಳಲ್ಲಿ ಹಾಡುವ ಬಾತುಕೋಳಿಯ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಿನಿಂದ ಎಬ್ಬಿಸಿದರೆ ತೆರೆಯುತ್ತಿತ್ತು. ಒಳಗೆ ಎಲ್‌ಆರ್44 ಮೂರು ಇದ್ದವು. ಅದನ್ನು ತೆಗೆದಿಟ್ಟಿದ್ದೇನೆ. ಡಬ್ಬಿಯಲ್ಲಿದ್ದ ಹಳೆಯ ಸೆಲ್‌ಗಳನ್ನು ಎಣಿಸಿದರೆ ಇಪ್ಪತ್ತಾರು ಆದವು. ಇವುಗಳನ್ನು ಕಸದ ಬುಟ್ಟಿಗೆ ಹಾಕಬಹುದೇ?

ಉತ್ತರ: ಪುಣೆಯ ನಿಗಡಿಯಿಂದ, ನಿವೃತ್ತ

ಸಹೋದರಿಯವರೇ, ವಯಸ್ಸೂ ಜಾತಿಯೂ ಬೇರೆಯಾದ ಸೆಲ್‌ಗಳು ಒಂದೇ ಸಮನೆ ಬರಿದಾಗುವುದಿಲ್ಲ. ಹೊಸದೇ ಒಸರಿದ್ದಕ್ಕೆ ಅದೂ ಗೀಸರಿನ ಶಾಖವೂ ಕಾರಣವಾಗಿರಬಹುದು. ನೀವು ಮತ್ತೆ ನೋಡಿ ತಿಳಿಸಿದ್ದು ಬಹಳ ಒಳ್ಳೆಯದಾಯಿತು.

ಕಸದ ಬುಟ್ಟಿಗೆ ಹಾಕಬೇಡಿ. ಇಂದಿನ ಸಾಮಾನ್ಯ ಆಲ್ಕಲೈನ್ ಸೆಲ್‌ಗಳಿಗೆ ಹಿಂದಿನಂತೆ ಪಾದರಸ ಸೇರಿಸುವುದಿಲ್ಲವಾದರೂ, 2016ರ ಘನ ತ್ಯಾಜ್ಯ ನಿರ್ವಹಣೆ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಬಣ್ಣದ ಡಬ್ಬಿ, ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿಗಳ ಸಾಲಿನಲ್ಲಿ ಮನೆಯ ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿದ್ದವು. 2022ರ ಆಗಸ್ಟಿನಲ್ಲಿ ಹೊರಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, ತಾವು ಮಾರಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆಯೂ, ಬಳಸಿದ್ದನ್ನು ಬೇರೆ ಕಸದೊಡನೆ ಬೆರೆಸದೆ ಇಡುವ ಹೊಣೆಯನ್ನು ನಮ್ಮ ಮೇಲೆಯೂ ಹೊರಿಸಿವೆ. ಪೊಟ್ಟಣದ ಮೇಲೆ ಕಾಣುವ, ಅಡ್ಡಗೀಟು ಹಾಕಿದ ಕಸದ ತೊಟ್ಟಿಯ ಚಿತ್ರದ ಅರ್ಥವೂ ಅದೇ.

ನಿಯಮಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ಕಾರಣ ಬೇರೆ. ನಮ್ಮ ಪುಣೆಯಲ್ಲಿ ಮನೆಮನೆಗೆ ಬಂದು ಕಸ ಒಯ್ಯುವ ಸ್ವಚ್ಛ ಸಹಕಾರ ಸಂಘದ ಹೆಣ್ಣುಮಕ್ಕಳು ಒಣ ಕಸವನ್ನು ಕೈಯಿಂದಲೇ ಬಿಡಿಸಿ ವಿಂಗಡಿಸುತ್ತಾರೆ. ನಿಮ್ಮಲ್ಲಿಯೂ ಯಾರೋ ಒಬ್ಬರು ಅದೇ ಕೆಲಸ ಮಾಡುತ್ತಿರುತ್ತಾರೆ. ನಿಮ್ಮ ಬೆರಳಿಗೆ ಎರಡು ದಿನ ಕಾಡಿದ್ದು ಅವರ ಬೆರಳಿಗೆ ನಿತ್ಯ ತಾಗಬಾರದು.

ಅಗಲ ಬಾಯಿಯ ಪ್ಲಾಸ್ಟಿಕ್ ಬರಣಿಯೊಂದನ್ನು ಇದಕ್ಕೆಂದೇ ಇಡಿ. ಗುಂಡಿ ಸೆಲ್‌ಗಳ ಎರಡೂ ಮುಖಗಳಿಗೂ ಚೌಕ ಬ್ಯಾಟರಿಯ ತುದಿಗಳಿಗೂ ಟೇಪ್ ಸುತ್ತಿ ಹಾಕಿ. ಒಸರಿದವುಗಳನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬೇಡಿ, ಹಳೆಯ ಸೆಲ್‌ಗಳಿಂದ ಅನಿಲ ಬರುತ್ತಿರಬಹುದು. ಸೊಸೈಟಿಯ ಕಾರ್ಯದರ್ಶಿಯವರೊಡನೆ ಮಾತಾಡಿ ಇಡೀ ಕಟ್ಟಡಕ್ಕೆ ಒಂದೇ ಬರಣಿ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರು ಬಂದಾಗ ಒಟ್ಟಿಗೆ ಒಪ್ಪಿಸುವುದು ಸುಲಭ. ನಮ್ಮ ಸೊಸೈಟಿಯಲ್ಲಿ ಆಯುಧಪೂಜೆಯ ಹಿಂದಿನ ದಿನ ಇದನ್ನು ಮಾಡುತ್ತೇವೆ. ಹೇಗೂ ಅಂದು ಮನೆಯ ಉಪಕರಣಗಳನ್ನೆಲ್ಲ ಒರೆಸಿ ಕುಂಕುಮ ಹಚ್ಚಲು ಸಿದ್ಧಪಡಿಸುತ್ತೇವೆ. ಅದೇ ಹೊತ್ತಿನಲ್ಲಿ ಗಡಿಯಾರ, ರಿಮೋಟ್, ಟಾರ್ಚ್, ಗೀಸರ್ ಎಲ್ಲದರ ಬೆನ್ನು ತೆರೆದು ನೋಡುತ್ತೇವೆ. ಹೊಸ ಸೆಲ್ ಹಾಕಿದ ದಿನಾಂಕವನ್ನು ಕಾಗದದ ಟೇಪಿನ ಮೇಲೆ ಬರೆದು ಪೆಟ್ಟಿಗೆಯ ಹೊರಗೆ ಅಂಟಿಸುತ್ತೇವೆ.

ಹಾಡುವ ಬಾತುಕೋಳಿಗೆ ಸ್ಕ್ರೂ ಕೂರಿಸಲು ಬರುವಂತಿದ್ದರೆ ಕೂರಿಸಿ ಮಗುವಿಗೆ ಮರಳಿ ಕೊಡಿ. ಬರದಿದ್ದರೆ ಮೂರೂ ಸೆಲ್ ತೆಗೆದು ಬರಣಿಗೆ ಹಾಕಿ, ಬರಿಯ ಬಾತುಕೋಳಿಯನ್ನು ಕೊಡಿ.